ತುದಿಯಲ್ಲಿ ಉಳಿಸಬೇಕಾದ ನಟ್

ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ. ನಮ್ಮ ಭಾವ ಇಂದಿಗೂ ಗಟ್ಟಿಮುಟ್ಟಾಗಿದ್ದಾರೆ, ನನಗಷ್ಟೇ ಸಾಕು.

ಯಂತ್ರದ ಶಾಫ್ಟಿನ ಮೇಲೆ ಬಿಗಿದು ಕೂತ ಟೇಪರ್ ಬುಷ್ಷನ್ನು, ಅಂದರೆ ಒಂದು ಕಡೆಗೆ ಕಿರಿದಾಗುವ ಉಕ್ಕಿನ ಕೊಳವೆಯನ್ನು, ಎಣ್ಣೆಯ ಒತ್ತಡದಿಂದ ಬಿಡಿಸುವಾಗ ತುದಿಯ ನಟ್ಟನ್ನು ಸಡಿಲಿಸಬೇಕು, ಪೂರ್ತಿ ತೆಗೆಯಬಾರದು. ಹಿಡಿತ ತಪ್ಪಿದ ಬುಷ್ ಗುಂಡಿನಂತೆ ಹಾರುತ್ತದೆ. ಆ ಮಧ್ಯಾಹ್ನ ಯಾವುದೋ ಯೋಚನೆಯಲ್ಲಿ ನಾನು ನಟ್ಟನ್ನು ತೆಗೆದು ತಟ್ಟೆಯಲ್ಲಿಟ್ಟೆ. ನನ್ನ ಜೊತೆ ಫಿಟ್ಟರ್ ಆಗಿದ್ದ ಭಾವ ಶಾಫ್ಟಿನ ತುದಿಗೆ ಎದುರಾಗಿ ಕುಕ್ಕರಗಾಲಲ್ಲಿ ಕೂತು, ಪಂಪಿನ ಮೀಟರ್ ನೋಡುತ್ತಿದ್ದರು.

ನಾನು ಪಂಪ್ ಒತ್ತಿದೆ. ಓಡಿ ಓಡಿ ಬಿಸಿಯಾಗಿದ್ದ ಶಾಫ್ಟ್ ನನ್ನ ಎಡಗೈ ಕೆಳಗೆ ಇದ್ದಕ್ಕಿದ್ದಂತೆ ತಣ್ಣಗಾಯಿತು. ಯಾರೋ ನಿಧಾನವಾಗಿ ನಟ್ ತಿರುಗಿಸುವಂತೆ ಕಿರ್, ಕಿರ್ ಎಂಬ ಸದ್ದು.

"ಇಲಿ ಇರ್ಬೇಕು ಕಣೋ," ಎಂದರು ಭಾವ.

ಆಗ ನನಗೆ ನಟ್ ನೆನಪಾಯಿತು. "ಭಾವಾ, ಪಕ್ಕಕ್ಕೆ ಸರೀರಿ!" ಎನ್ನುವಷ್ಟರಲ್ಲಿ ಢಂ ಎಂದು ಬುಷ್ ಚಿಮ್ಮಿ, ಅವರ ಮುಖಕ್ಕೆ ಗೇಣು ದೂರದಲ್ಲಿ, ಶಾಫ್ಟಿನ ತುದಿಯಲ್ಲಿದ್ದ ಒಂದು ನಟ್ಟಿಗೆ ಬಡಿದು ನಿಂತಿತು.

"ಸದ್ಯ, ನಟ್ ತೆಗೀದೆ ಬಿಟ್ಟಿದ್ದೀಯ! ಇಲ್ದಿದ್ರೆ ನಿಮ್ಮಕ್ಕ ನಿನ್ನ ಚರ್ಮ ಸುಲೀತಿದ್ಲು."

ಅಳು ನಗು ಒಟ್ಟಿಗೇ ಬಂದವು. ತಟ್ಟೆಯತ್ತ ತಿರುಗಿ ನೋಡಿದೆ.

ನಾನು ತೆಗೆದ ನಟ್ ತಟ್ಟೆಯಲ್ಲೇ ಇತ್ತು. ಶಾಫ್ಟಿನ ಮೇಲಿದ್ದ ಆ ಇನ್ನೊಂದು ನಟ್ ನಾವಿಬ್ಬರೂ ಸೇರಿ ಸ್ಪ್ಯಾನರ್ ತಿರುಗಿಸಿದರೂ ಕದಲಲಿಲ್ಲ. ಅರ್ಧ ಗಂಟೆ ಹಿಂದಷ್ಟೇ ನಾನು ಒರೆಸಿದ್ದ ಥ್ರೆಡ್ಡಿಗೆ ಅದು ಎಷ್ಟೋ ವರ್ಷಗಳ ತುಕ್ಕಿನಿಂದ ಕಚ್ಚಿಕೊಂಡಿತ್ತು.