ಮೋಡದ ದಿನ ತಂತಿ ಕಿತ್ತವನು

"ಕೈ ತೆಗೀರಿ!"

ಇಲಿಂಕಾ ಕೂಗಿದ ರಭಸಕ್ಕೆ ಆ ಯುವಕನ ಕೈಯಲ್ಲಿದ್ದ ತಂತಿ ಜಾರಿ ಬಿತ್ತು. ಉಪಗ್ರಹದ ಡಿಶ್‌ಗೆ ಕರೆಂಟ್ ಒಯ್ಯುವ ತಂತಿ ಅದು!

"ಸಂಪರ್ಕ ಕಡೀತಿರೋರು ನೀವೇನಾ? ಕ್ಲೂಜ್ ವಿಶ್ವವಿದ್ಯಾಲಯದಲ್ಲಿ ಕೂತು, ನನ್ನ ಲೆಕ್ಕಾನೇ ತಪ್ಪಿದೆ ಅಂತ ತಲೆ ಕೆಡಿಸ್ಕೊಂಡಿದ್ದೆ!"

"ನಾನೇ," ಅಂದ ಅವನು. ಅಷ್ಟೇ. ಕಾರಣ ಹೇಳಲಿಲ್ಲ.

ಅವನು ತಿಬೇರಿಯು, ಅಪುಸೇನಿ ಬೆಟ್ಟದ ಆ ಹಳ್ಳಿಯ ಚಿಕಿತ್ಸಾಲಯದ ನರ್ಸ್. ಫೋನ್ ಸಿಗ್ನಲ್ಲೇ ಇಲ್ಲದ ಆ ಜನ ಉಪಗ್ರಹದ ಮೂಲಕ ಪಟ್ಟಣದ ವೈದ್ಯರ ಜೊತೆ ಮಾತಾಡುವಂತಾಗಬೇಕು... ಇದೇ ಇಲಿಂಕಾಳ ಪಿಎಚ್‌ಡಿ. ಮೂರು ವರ್ಷದ ದುಡಿಮೆ.

ಕಾವಲು ಕಾಯಲೆಂದೇ ಅವಳು ಚಿಕಿತ್ಸಾಲಯದ ಪಕ್ಕದ ಸವೇತಾ ಅಜ್ಜಿಯ ಮನೆಯಲ್ಲಿ ಉಳಿದಳು.

ಆದರೆ ಅವನು ಅರ್ಥವೇ ಆಗಲಿಲ್ಲ! ಏಣಿ ಹತ್ತಿ ಡಿಶ್ ಒರೆಸುತ್ತಿದ್ದವನೂ ಅವನೇ. ಅಂಕಿ ಬರೆಯುತ್ತಾ ಅವಳು ಊಟ ಮರೆತರೆ, ಒಂದು ಬಟ್ಟಲು ಕಾಡು ಬ್ಲೂಬೆರಿ ಪಕ್ಕದಲ್ಲಿಟ್ಟು ಹೋಗುತ್ತಿದ್ದ. ಮೋಡ ಕವಿದ ದಿನ ಮಾತ್ರ ಅವಳ ಕಣ್ಣು ತಪ್ಪಿಸಿ ಮತ್ತೆ ತಂತಿ ಕೀಳುತ್ತಿದ್ದ; ಸಂಪರ್ಕ ಮಾಯ, ಆಮೇಲೆ ಜಗಳ!

'ನನ್ನ ಕಂಡ್ರೆ ದ್ವೇಷಾನಾ? ಹಾಗಿದ್ರೆ ಈ ಹಣ್ಣು ಯಾಕೆ? ಅವನ ಹೆಜ್ಜೆ ಸದ್ದಿಗೆ ನನ್ನೆದೆ ಯಾಕೆ ಹೀಗೆ ಹೊಡ್ಕೊಳ್ಳುತ್ತೆ?'

"ಹುಡುಗೀ, ನಿಂಗೆ ಆಕಾಶದಲ್ಲಿರೋದೆಲ್ಲ ಕಾಣುತ್ತೆ, ಎದುರಿಗಿರೋನು ಕಾಣಲ್ವಾ?" ಮೆಕ್ಕೆಜೋಳದ ಮುದ್ದೆ ತಿರುವುತ್ತಾ ಅಜ್ಜಿ ನಕ್ಕಳು.

ಅಷ್ಟರಲ್ಲಿ ಅವಳ ಪ್ರೊಫೆಸರ್ ಅವರ ಸಂದೇಶ ಬಂತು. 'ಪದೇ ಪದೇ ಸಂಪರ್ಕ ಕಡಿಯುವ ಆ ಹಳ್ಳಿ ಬಿಡು. ಶುಕ್ರವಾರ ಎಲ್ಲ ಬಿಚ್ಚಿಕೊಂಡು ಬಾ.'

ಶುಕ್ರವಾರ ಡಿಶ್‌ನ ಸೌರ ಬ್ಯಾಟರಿ ಬಿಚ್ಚಲು ಬಗ್ಗಿದಾಗಲೇ ಅವಳಿಗೆ ಅದು ಕಂಡದ್ದು. ತಾನು ಜೋಡಿಸಿರದ ಇನ್ನೊಂದು ತಂತಿ! ಅದರ ಜಾಡು ಹಿಡಿದು ಔಷಧದ ಕೋಣೆಗೆ ಹೋದಳು. ಅಲ್ಲೊಂದು ಪುಟ್ಟ ಫ್ರಿಜ್. ಒಳಗೆ ಇನ್ಸುಲಿನ್ ಸೀಸೆಗಳು. ಮೊದಲ ಸೀಸೆಯ ಮೇಲೆ ಸವೇತಾ ಅಜ್ಜಿಯ ಹೆಸರು.

"ಫ್ರಿಜ್‌ನ ಹಳೇ ಬ್ಯಾಟರಿ ಸತ್ತೋಯ್ತು," ಬಾಗಿಲಲ್ಲಿ ತಿಬೇರಿಯು ನಿಂತಿದ್ದ. "ಹೊಸದು ಕೇಳಿ ಆರೋಗ್ಯ ಇಲಾಖೆಗೆ ನಾಲ್ಕು ಪತ್ರ ಬರೆದೆ, ಉತ್ತರ ಇಲ್ಲ. ನಿಮ್ಮದಕ್ಕೇ ಕದ್ದು ಜೋಡಿಸ್ದೆ. ಬಿಸಿಲಿಲ್ಲದ ದಿನ ಎರಡಕ್ಕೂ ಸಾಲಲ್ಲ..."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ವರದೀಲಿ ಬರೀಲೇಬೇಕು. ಡಿಶ್ ವಾಪಸ್ ತಗೊಂಡ್ಹೋಗ್ತಾರೆ ಅಂತ ಭಯ ಇತ್ತು. ಆಮೇಲೆ... ನೀವು ಹೋಗ್ತೀರಾ ಅಂತ."

ನಗಬೇಕೋ ಅಳಬೇಕೋ ಇಲಿಂಕಾಗೆ ತಿಳಿಯಲಿಲ್ಲ. ನೇರ ಹೋಗಿ ಆ ಡಿಶ್ ಮೂಲಕವೇ ಪ್ರೊಫೆಸರ್‌ಗೆ ಕರೆ ಮಾಡಿದಳು.

"ಬಿಚ್ಚಲ್ಲ ಮೇಡಂ. ಬ್ಯಾಟರಿ ಒಂದೇ ಇದ್ರೆ ಜನ ಮೊದಲು ಔಷಧಿ ಉಳಿಸ್ಕೋತಾರೆ. ನನ್ನ ಲೆಕ್ಕದಲ್ಲಿ ಅದೇ ಇರ್ಲಿಲ್ಲ! ಇನ್ನೊಂದು ಬ್ಯಾಟರಿ ಬೇಕು. ಒಂದು ವರ್ಷ ಬೇಕು."

ಆ ಕಡೆ ಪ್ರೊಫೆಸರ್ ಕ್ಯಾಲೆಂಡರ್ ತಿರುವಿದ ಸದ್ದು ಕೇಳಿಸಿತು.

"ಒಂದು ವರ್ಷ. ಅದರ ಮೇಲೆ ಒಂದು ದಿನಾನೂ ಕೊಡಲ್ಲ!"

ಅವಳು ತಿರುಗಿ ನೋಡಿದಳು. ಅವನು ಅಲ್ಲೇ ಇದ್ದ.

"ಆ ವರ್ಷ ಮುಗಿದ್ಮೇಲೆ?"

"ಗೊತ್ತಿಲ್ಲ ತಿಬೇರಿಯು... ನಂಗೇನೂ ಗೊತ್ತಾಗ್ತಿಲ್ಲ. ನೀನು ತಂತಿ ಕಿತ್ತಾಗೆಲ್ಲ, ಇವತ್ತೂ ನಿನ್ ಜೊತೆ ಜಗಳ ಆಡ್ಬಹುದು ಅಂತ ಖುಷಿ ಆಗ್ತಿತ್ತು. ಇದಕ್ಕೇನಂತಾರೆ?"

ಮೊದಲ ಸಲ 'ನೀನು' ಅಂದಿದ್ದಳು! ಅವನ ಕಿವಿ ಕೆಂಪಾಯಿತು.

"ನಾನಂತೂ ಪ್ರೀತಿ ಅಂತೀನಿ... ನೀನು?"

ಇಲಿಂಕಾ ಮೆಲ್ಲಗೆ ಅವನ ಕೈ ಹಿಡಿದಳು.

"ಸರಿ... ಹಾಗೇ ಬರ್ಕೋತೀನಿ."