ಹಗೂರ ಹೊರಡುವ ಗಾಡಿ

ಛಾಯಾಮೋಟಾರು ಆಗಲೇ ಹನ್ನೊಂದನೆಯ ಸಲ ಏರು ಹತ್ತುತ್ತಿತ್ತು. ನಿಜವಾದ ಮೋಟಾರು ಇನ್ನೂ ಹುಟ್ಟಿರಲಿಲ್ಲ. ತಾಮ್ರದ ಸುರುಳಿ, ಅಯಸ್ಕಾಂತ, ಎಷ್ಟು ವಿದ್ಯುತ್ ಬಿಡಬೇಕೆಂದು ನಿರ್ಧರಿಸುವ ನಿಯಂತ್ರಕ, ಎಲ್ಲವೂ ಗಣಕದೊಳಗೇ ಇದ್ದವು. ಅದಕ್ಕೆ ಜೋಡಿಸಿದ ಪರೀಕ್ಷಾ ಕುರ್ಚಿ ಮಾತ್ರ ಕಣ್ಣಿಗೆ ಕಾಣುವಂಥದ್ದು. ಒಳಗಿನ ಗಾಡಿ ಹೇಗೆ ಚಲಿಸುತ್ತದೆಯೋ ಕುರ್ಚಿ ಹಾಗೆ ಅಲುಗುತ್ತಿತ್ತು. ಕುಳಿತವರು ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಯಂತ್ರವೇ ಕೇಳಿಸಿಕೊಂಡು ವಿನ್ಯಾಸ ತಿದ್ದುತ್ತಿತ್ತು.

ಅಂದು ಕುಳಿತವಳು ಹುಬ್ಬಳ್ಳಿಯ ಫಕೀರವ್ವ. ಹೆರಿಗೆಯಾದ ಹೆಂಗಸರನ್ನು ಆಸ್ಪತ್ರೆಯಿಂದ ಮನೆಗೆ ಬಿಡುವ ಆಟೊ ಓಡಿಸಿ ಹದಿನೆಂಟು ವರ್ಷದ ಅನುಭವ. ಬಾಣಂತಿಯರಿಗಾಗಿಯೇ ನಲವತ್ತು ಹೊಸ ಗಾಡಿಗಳು ಬರಲಿದ್ದವು. ಸಂಜೆ ನಾಲ್ಕಕ್ಕೆ ವಿನ್ಯಾಸ ಕಾರ್ಖಾನೆಗೆ ಹೋಗಬೇಕು. ಆಮೇಲೆ ತಿದ್ದುವಂತಿಲ್ಲ.

"ಹೊಲಿಗಿ ಹಸೀ ಇರತಾವ್ರೀ ಮೇಡಮ್ಮಾರ. ಗಾಡಿ ಜಗ್ಗಿದ್ರ ಜೀವ ಹೋದಂಗ ಆಗತೈತಿ ಅವ್ರಿಗೆ. ಹಗೂರ ಹೊಂಡಬೇಕು," ಎಂದು ಪರದೆಯ ಮುಂದಿದ್ದ ವಿಜ್ಞಾನಿಗೆ ಹೇಳಿದಳು.

ಯಂತ್ರ ಕೇಳಿಸಿಕೊಂಡಿತು. ಕುರ್ಚಿ ಮೊದಲಿಗಿಂತ ಜೋರಾಗಿ ಒದೆಯಿತು.

"ಹಗೂರ ಅಂದ್ನೆಲ್ಲ!" ಮತ್ತೂ ಜೋರಾಗಿ ಒದೆಯಿತು. "ಇನ್ನೂ ಹಗೂರ!" ಈ ಸಲ ಮಡಿಲಲ್ಲಿದ್ದ ಎಲೆಯಡಿಕೆ ಸಂಚಿ ಹಾರಿ ಗೋಡೆಗೆ ಬಡಿಯಿತು.

"ಇದರ ಮಾರಿ ಸುಡ್ಲಿ, ಹೇಳಿದಷ್ಟೂ ಉಲ್ಟಾ ಮಾಡತೈತಿ. ಥೇಟ್ ನಮ್ಮ ಮನ್ಯಾಂವನ ಗತೆ!"

ವಿನ್ಯಾಸದ ವಿಜ್ಞಾನಿ ವಾಸಂತಿ ಮೈಸೂರಿನವಳು. ಪರದೆ ನೋಡಿ ಬೆಚ್ಚಿದಳು. "ಗಾಡಿ ತೂಕ ಅರವತ್ತು ಕಿಲೋಗೆ ಇಳಿದುಬಿಟ್ಟಿದೆ! ಹಗುರ ಮಾಡು ಅಂದಿದ್ದು ನೀವೇ ಅಲ್ವಾ ಫಕೀರವ್ವನವರೇ?"

"ತೂಕದ ಮಾತು ಯಾರು ತಗದ್ರೀ? ಹಗೂರ ಅಂದ್ರ ಸಾವಕಾಶ. ಕೂಸಿನ್ನ ತೊಟ್ಟಿಲಾಗ ಹಾಕ್ತೀವಲ್ರೀ, ಹಂಗ."

ಯಂತ್ರಕ್ಕೆ ಕನ್ನಡ ಕಲಿಸಿದವಳು ವಾಸಂತಿಯೇ. ಅವಳ ಕಡೆ ಹಗುರವೆಂದರೆ ಭಾರವಿಲ್ಲದ್ದು. ತುಂಬಿದ ಕೊಡವನ್ನು ದೂಡುವ ಬಲದಲ್ಲೇ ಖಾಲಿ ಕೊಡವನ್ನು ದೂಡಿದರೆ ಅದು ಹಾರಿ ಬೀಳುವುದಿಲ್ಲವೆ? ತೂಕ ಇಳಿದಂತೆಲ್ಲ ಗಾಡಿ ಹಾರಿದ್ದೂ ಹಾಗೆಯೇ.

"ನಿಧಾನ ಮಾಡಿದ್ರೆ ಏರಿನಲ್ಲಿ ಹಿಂದಕ್ಕೆ ಜಾರುತ್ತಲ್ಲ?" ವಾಸಂತಿಗೆ ಅದೇ ಚಿಂತೆ.

"ಮೋಟಾರು ಭಾರ ಹಿಡಿಯೂತನಕ ಬ್ರೇಕ್ ಬಿಡಬಾರ್ದ್ರೀ. ನಾ ಕಾಲಾಗ ಹಂಗ ಮಾಡ್ತೀನಿ."

ವಾಸಂತಿ ತೂಕವನ್ನು ಮೊದಲಿನಷ್ಟೇ ಮಾಡಿ, ಆ ಕಾಲಿನ ಅಭ್ಯಾಸವನ್ನೇ ನಿಯಂತ್ರಕಕ್ಕೆ ಕಲಿಸಿದಳು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗಾಡಿ ಏರಿನ ಮೇಲೆ ಹೊರಟಿತು. ಹೊರಟದ್ದು ಫಕೀರವ್ವನಿಗೆ ಗೊತ್ತೇ ಆಗಲಿಲ್ಲ.

ಗಾಡಿಗಳು ಓಡತೊಡಗಿ ತಿಂಗಳಾಗುವಷ್ಟರಲ್ಲಿ ಆಸ್ಪತ್ರೆಯಿಂದ ದೂರು ಬಂತು. ಹೋದ ಗಾಡಿ ಹೊತ್ತಿಗೆ ಮರಳುತ್ತಿಲ್ಲ, ಬಾಣಂತಿಯರು ಕಾಯುತ್ತಿದ್ದಾರೆ. ಮೋಟಾರಿನಲ್ಲೇ ದೋಷವೇನೋ ಎಂದು ವಾಸಂತಿ ಫಕೀರವ್ವನ ಪಕ್ಕದಲ್ಲಿ ಕುಳಿತು ಹೊರಟಳು. ಏರು, ತಿರುವು ಎಲ್ಲ ಸಲೀಸು. ಗಾಡಿ ಮನೆಯ ಮುಂದೆ ನಿಂತಿತು. ಯಾರೂ ಇಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಬಾಣಂತಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಮಗ್ಗುಲಲ್ಲಿ ಕೂಸೂ.

"ವಾರ್ಡಿನಾಗ ಮೂರು ದಿನ ಕಣ್ಣು ಮುಚ್ಚಿಲ್ಲಾಕಿ," ಫಕೀರವ್ವ ಪಿಸುಗುಟ್ಟಿದಳು. "ಒಳಗ ಹೋದ್ರ ಕೂಸು ನೋಡಾಕ ಮಂದಿ ಬರತಾರ. ಇಷ್ಟ ನಿದ್ದಿ ಆಕೀದು. ಹೆಂಗ ಎಬ್ಬಸ್ಲಿ?"

ನಿವಾಳಿಸಲು ನೀರು, ರೊಟ್ಟಿ ಹಿಡಿದು ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಫಕೀರವ್ವ ತುಟಿಯ ಮೇಲೆ ಬೆರಳಿಟ್ಟಳು. ಅತ್ತೆ ಗಾಡಿಯೊಳಗೆ ಇಣುಕಿದಳು. ತಂಬಿಗೆ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತಳು.

ವಾಸಂತಿ ಫೋನಿಗೆ ಕೈ ಮರೆಮಾಡಿ ಆಸ್ಪತ್ರೆಗೆ ಹೇಳಿದಳು: "ಮೋಟಾರು ಸರಿಯಾಗಿದೆ ಸಾರ್. ಇನ್ನೂ ಇಪ್ಪತ್ತು ಗಾಡಿ ಬೇಕು."