ಕತ್ತರಿ ಬರೆದ ಹದಿನೇಳು ದೂರು

“ಹೊಗಳಬೇಡಿ ಮೇಡಂ. ಎಲ್ಲೆಲ್ಲಿ ಕೆಟ್ಟಿದೆ ಅಂತ ಮಾತ್ರ ಹೇಳಿ!”

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅವನು ನೇರವಾಗಿ ಅವಳ ಕಣ್ಣನ್ನೇ ನೋಡಿದ. ಅವಳ ಕೈಯಲ್ಲಿದ್ದ ಟೇಪು ಜಾರಿ ನೆಲಕ್ಕೆ ಬಿತ್ತು.

ಹೊಲಿಗೆ ಸಂಘದಲ್ಲಿ ಎಲ್ಲರೂ ಅವಳನ್ನು ಕರೆಯುವುದು ‘ಕತ್ತರಿ’ ಎಂದೇ. ಅವಳ ಕೈ ಅಷ್ಟು ಚುರುಕು. ಮೂರು ತಿಂಗಳಿಗೊಮ್ಮೆ ಬರುವ ಸಂಘದ ಪತ್ರಿಕೆಗೂ ಅವಳೇ ಸಂಪಾದಕಿ. ಅವನು ಪ್ರೋಗ್ರಾಮರ್. ಇಂಥ ಸಣ್ಣ ಪತ್ರಿಕೆಗಳು ಬಿಟ್ಟಿಯಾಗಿ ಬಳಸಿ, ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದಾದ ಒಂದು ತಂತ್ರಾಂಶ ಕಟ್ಟುತ್ತಿದ್ದ. ಬಳಸುವವರ ಜೊತೆ ಕೂತೇ ಕಟ್ಟಬೇಕು ಎಂಬುದು ಅವನ ಹಟ.

ಬುಧವಾರ ಬುಧವಾರ ಬರತೊಡಗಿದ.

ಮೊದಲ ವಾರವೇ ಅವಳಿಗೆ ತಪ್ಪು ಕಂಡಿತ್ತು. ಪತ್ರಿಕೆಯಲ್ಲಿ ಬರುವ ಅಂಗಿಯ ಕಟಿಂಗ್ ನಕ್ಷೆ ಅಳತೆಗೆ ಸರಿಯಾಗಿ ಅಚ್ಚಾಗಬೇಕು. ಈ ತಂತ್ರಾಂಶ ಎಲ್ಲ ಚಿತ್ರಗಳನ್ನೂ ಪುಟಕ್ಕೆ ಹೊಂದುವಂತೆ ಕುಗ್ಗಿಸುತ್ತಿತ್ತು. ನಂಬಿ ಕತ್ತರಿಸಿದರೆ ದೊಡ್ಡವರ ಅಂಗಿ ಮಗುವಿಗೂ ಬಿಗಿ!

‘ಹೇಳಿಬಿಡಲಾ...? ಪಾಪ, ಎಷ್ಟು ಕಷ್ಟಪಟ್ಟಿದ್ದಾರೆ. ಬೇಜಾರಾಗಿ ಬರೋದೇ ಬಿಟ್ಟರೆ...?’

“ಹೇಗಿದೆ?” ಎಂದು ಕೇಳಿದ.

“ತುಂಬಾ ಚೆನ್ನಾಗಿದೆ!”

ಎಂಟು ಬುಧವಾರವೂ ಅದೇ ಉತ್ತರ. ಅವನ ಬೆನ್ನ ಹಿಂದೆ ಮಾತ್ರ ಪತ್ರಿಕೆ ಹಳೆಯ ರೀತಿಯಲ್ಲೇ, ಕಾಗದಕ್ಕೆ ಅಂಟು ಹಚ್ಚಿ ತಯಾರಾಗುತ್ತಿತ್ತು.

ಒಂದು ಸೋಮವಾರ ಅವನು ಹೇಳದೆ ಕೇಳದೆ ಬಂದ. ಮೇಜಿನ ತುಂಬ ಅಂಟು, ಕತ್ತರಿಸಿದ ಪುಟಗಳು, ನಕ್ಷೆಗಳು...

“ಇದು... ಈ ಸಲದ ಸಂಚಿಕೆನಾ?”

ಅವಳು ಅಂಟಿನ ಡಬ್ಬಿಗೆ ಮುಚ್ಚಳ ಹಾಕಿದಳು.

“ಶುಕ್ರವಾರ ಇನ್ನೂ ಹನ್ನೆರಡು ಹೊಲಿಗೆ ಪತ್ರಿಕೆಯವರಿಗೆ ಇದನ್ನ ಕೊಡ್ತಾ ಇದ್ದೆ. ನಿಮ್ಮ ಮಾತು ನಂಬಿ! ನನ್ನ ಮೇಲೆ ಕನಿಕರವಾ ಮೇಡಂ?”

ಬ್ಯಾಗು ಹೆಗಲಿಗೇರಿಸಿ ಹೊರಟೇಹೋದ.

ಮೂಲೆಯ ಮೆಷಿನ್ನಿನಲ್ಲಿ ಹೊಲಿಯುತ್ತಿದ್ದ ಅವಳ ದೊಡ್ಡಮ್ಮ ಪೆಡಲ್ ನಿಲ್ಲಿಸಿದರು.

“ಬಿಗಿಯಾಗ್ತಿದ್ರೂ ಚೆನ್ನಾಗಿದೆ ಅಂದು, ಅಂಗಿ ತಗೊಂಡು ಹೋಗಿ ಪೆಟ್ಟಿಗೆಗೆ ಹಾಕೋ ಗಿರಾಕಿ ಮೇಲೆ ದಿನಾ ಸಿಡುಕ್ತೀಯಲ್ಲೇ? ಈಗ ನೀನೇನು ಮಾಡ್ದೆ?”

ಅವಳಿಗೆ ಅಳು ಬಂತು.

ಅಂದು ಸಂಜೆ ತಂತ್ರಾಂಶದ ದೂರುಗಳ ಪುಟ ತೆರೆದಳು. ಅಲ್ಲಿ ಬರೆದದ್ದನ್ನು ಆ ಹನ್ನೆರಡು ಪತ್ರಿಕೆಯವರೂ ಓದುತ್ತಾರೆ. ‘ನಗ್ತಾರೆ... ನಗಲಿ. ಅವರ ಬಟ್ಟೆಯಾದರೂ ಉಳಿಯಲಿ.’ ಟೈಪ್ ಮಾಡತೊಡಗಿದಳು.

“ಎಂಟು ವಾರ ನಾನು ಸುಳ್ಳು ಹೇಳಿದೆ. ಈ ತಂತ್ರಾಂಶವನ್ನು ನಾವು ಬಳಸಿಯೇ ಇಲ್ಲ. ಯಾಕೆಂದರೆ...”

ಒಂದರ ಕೆಳಗೊಂದು, ಹದಿನೇಳು ದೂರು. ಕೊನೆಗೆ ತನ್ನ ಹೆಸರು.

ಬುಧವಾರ ಅವನು ಬರಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ!

“ಸಿಟ್ಟಿನಲ್ಲೇ ಓದಿದೆ. ಒಂದೂ ಸುಳ್ಳಲ್ಲ. ನಾಲ್ಕು ಪತ್ರಿಕೆಯವರು ಕೆಳಗೆ ‘ನಮಗೂ ಹೀಗೇ ಆಗ್ತಿತ್ತು, ಮೊದಲೇ ಹೇಳಿ ಉಳಿಸಿದ್ರಿ’ ಅಂತ ಬರೆದಿದ್ದಾರೆ. ತಡವಾಗುತ್ತೆ ಅಂತ ಎಲ್ಲರಿಗೂ ಹೇಳ್ದೆ.” ಬ್ಯಾಗು ಕೆಳಗಿಟ್ಟ. “ಯಾಕೆ ಸುಳ್ಳು ಹೇಳಿದ್ರಿ ಅನ್ನೋದೊಂದನ್ನ ಬರೆದಿಲ್ಲ ನೀವು.”

“ಅದು... ಎಲ್ಲರೂ ಓದೋ ಜಾಗ ಅಲ್ವಾ...”

“ಇಲ್ಲಿ ನಾನೊಬ್ಬನೇ.”

“ನಾನೂ ಇದ್ದೀನಪ್ಪಾ!” ಎಂದರು ದೊಡ್ಡಮ್ಮ. “ಬುಧವಾರ ಬಂತು ಅಂದ್ರೆ ಇವಳು ಕನ್ನಡಿ ಬಿಟ್ಟು ಏಳೋಕೆ ಅರ್ಧ ಗಂಟೆ!”

“ದೊಡ್ಡಮ್ಮಾ!”

ದೊಡ್ಡಮ್ಮ ನಗುತ್ತಾ ಒಳಗೆ ನಡೆದರು.

ಅವಳು ನೆಲ ನೋಡುತ್ತಲೇ ಹೇಳಿದಳು.

“ತಪ್ಪು ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರೇನೋ ಅಂತ ಭಯ... ನೀವು ಬರಬೇಕಿತ್ತು ನನಗೆ.”

ಅವನು ನಕ್ಕುಬಿಟ್ಟ. ಕಣ್ಣು ಮಾತ್ರ ತುಂಬಿತ್ತು.

“ತಪ್ಪು ಹೇಳಿದ್ರೆ ತಾನೇ ರೀ, ಮತ್ತೆ ಮತ್ತೆ ಬರೋಕೆ ನೆಪ ಸಿಗೋದು! ನೀವು ಚೆನ್ನಾಗಿದೆ ಅಂದಾಗೆಲ್ಲ, ಮುಂದಿನ ವಾರ ಏನಂತ ಹೇಳ್ಕೊಂಡು ಬರ್ಲಿ ಅಂತ ತಲೆ ಕೆಡಿಸ್ಕೊಂಡಿದ್ದೀನಿ.”

ಅವಳು ಕಣ್ಣೆತ್ತಿದಳು.

“ಹಾಗಾದ್ರೆ... ಹದಿನೇಳನ್ನೂ ಸರಿ ಮಾಡೋಕೆ ಎಷ್ಟು ದಿನ ಬೇಕು?”

“ಬೇಗ ಮಾಡಿದ್ರೆ ಒಂದು ತಿಂಗಳು.”

ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆ ರಾಶಿಯನ್ನು ಎತ್ತಿ ಅವಳು ಅವನಿಗೆ ಜಾಗ ಮಾಡಿದಳು.

“ನಿಧಾನವಾಗೇ ಮಾಡಿ.”